ಕ್ರೀಟ್ ದ್ವೀಪ, 7 ರಾತ್ರಿ, ಕಾರಿಲ್ಲದೆ: ಹೆರಾಕ್ಲಿಯಾನ್ ಒಂದರಲ್ಲೇ ಉಳಿದರೆ ಸಾಕೇ?

ಪ್ರಶ್ನೆ – ನಕ್ಷೆಪ್ರಿಯ
ಸೆಪ್ಟೆಂಬರ್ ಕೊನೆಗೆ ಇಬ್ಬರು ಗ್ರೀಸ್‌ನ ಕ್ರೀಟ್‌ಗೆ ಹೊರಟಿದ್ದೇವೆ. 7 ರಾತ್ರಿಯೂ ಹೆರಾಕ್ಲಿಯಾನ್‌ನಲ್ಲೇ ರೂಮು ಮಾಡಿ, ಅಲ್ಲಿಂದಲೇ ಬಸ್ಸಿನಲ್ಲಿ ಕ್ನೋಸೋಸ್ (ಪುರಾತನ ಅರಮನೆಯ ಅವಶೇಷ), ಸಮರಿಯಾ ಕಮರಿ, ಬಾಲೋಸ್ ಕಡಲತೀರ ನೋಡಿಕೊಂಡು ಸಂಜೆಗೆ ವಾಪಸ್ ಬರೋಣ ಅಂತ ಲೆಕ್ಕ. ನಡೆಯುತ್ತದೆಯೇ?

ಉತ್ತರ – ಬಸ್‌ಸ್ಟಾಂಡ್
ಕ್ನೋಸೋಸ್ ಬಿಟ್ಟು ಉಳಿದೆರಡಕ್ಕೆ ನಡೆಯುವುದಿಲ್ಲ. ದ್ವೀಪ ಅಂದ ತಕ್ಷಣ ಚಿಕ್ಕದು ಅಂದುಕೊಳ್ಳಬೇಡಿ, ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿ.ಮೀ. ಉದ್ದವಿದೆ. ರೈಲು ಇಲ್ಲ. ಸಮರಿಯಾ, ಬಾಲೋಸ್ ಎರಡೂ ಪಶ್ಚಿಮದ ಹನಿಯಾ ಕಡೆಗಿವೆ (ಇಂಗ್ಲಿಷ್ ನಕ್ಷೆಯಲ್ಲಿ ‘ಚಾನಿಯಾ’ ಎಂದು ಓದಿಕೊಳ್ಳುವಂತಿರುತ್ತದೆ, ಊರು ಅದೇ). ಹೆರಾಕ್ಲಿಯಾನ್‌ನಿಂದ ಹನಿಯಾಕ್ಕೇ ಕೆಟೆಲ್ (ಊರೂರು ನಡುವೆ ಓಡುವ ಅಲ್ಲಿನ ಬಸ್ ಸಂಸ್ಥೆ) ಬಸ್ಸಿನಲ್ಲಿ ಎರಡೂವರೆಯಿಂದ ಮೂರು ತಾಸು ಬೇಕು.

2 ರಾತ್ರಿ ಹೆರಾಕ್ಲಿಯಾನ್, 5 ರಾತ್ರಿ ಹನಿಯಾ ಮಾಡಿಕೊಳ್ಳಿ. ಎರಡೂ ಕಡೆ ವಿಮಾನ ನಿಲ್ದಾಣವಿದೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಟರೆ ಬಂದ ದಾರಿಯಲ್ಲೇ ಮರಳುವ ಒಂದು ದಿನ ಉಳಿಯುತ್ತದೆ.

ಕ್ನೋಸೋಸ್ ಹೆರಾಕ್ಲಿಯಾನ್‌ನಿಂದ 5 ಕಿ.ಮೀ. ಅಷ್ಟೆ, ಸಿಟಿ ಬಸ್ಸು ಇದೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಒಳಗೆ ನೆರಳು ಕಡಿಮೆ. ಅಲ್ಲಿ ಗೋಡೆ ಮೇಲೆ ಕಾಣುವ ಚಿತ್ರಗಳು ನಕಲು. ಮೂಲ ತುಣುಕುಗಳು ಹೆರಾಕ್ಲಿಯಾನ್ ಮ್ಯೂಸಿಯಂನಲ್ಲಿವೆ, ಹಾಗಾಗಿ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ.

ಉತ್ತರ – ಕಮರಿಹಾದಿ
ಸಮರಿಯಾದಲ್ಲಿ ಜನ ಎಡವುವುದು ನಡಿಗೆಯಲ್ಲಿ ಅಲ್ಲ, ವಾಪಸಾಗುವ ಲೆಕ್ಕದಲ್ಲಿ. ಇದು ಒಮ್ಮುಖದ ದಾರಿ. ಬೆಳಗಿನ ಬಸ್ಸು ಹನಿಯಾದಿಂದ ಸುಮಾರು ಒಂದು ತಾಸಿನಲ್ಲಿ ಕ್ಸಿಲೋಸ್ಕಾಲೋಗೆ, ಅಂದರೆ 1,200 ಮೀಟರ್‌ಗೂ ಎತ್ತರದಲ್ಲಿರುವ ಕಮರಿಯ ಬಾಗಿಲಿಗೆ ಬಿಡುತ್ತದೆ. ಅಲ್ಲಿಂದ ಸುಮಾರು 16 ಕಿ.ಮೀ. ನಡೆದು ಕಡಲಂಚಿನ ಅಗಿಯಾ ರೂಮೇಲಿ ಸೇರಬೇಕು. ಆ ಊರಿಗೆ ರಸ್ತೆಯೇ ಇಲ್ಲ. ದೋಣಿ ಹತ್ತಿ ಸೂಗಿಯಾಕ್ಕೋ ಹೋರಾ ಸ್ಫಾಕಿಯೋನ್‌ಗೋ ಹೋಗಿ, ಅಲ್ಲಿಂದ ಹನಿಯಾಕ್ಕೆ ಬಸ್ಸು. ಸಂಜೆಯ ಕೊನೆಯ ದೋಣಿ ತಪ್ಪಿದರೆ ರಾತ್ರಿ ಅಲ್ಲೇ. ಬಸ್ಸು ಮತ್ತು ದೋಣಿಯ ವೇಳೆಯನ್ನು ಹಿಂದಿನ ದಿನವೇ ಹನಿಯಾ ಬಸ್ ನಿಲ್ದಾಣದಲ್ಲಿ ಕೇಳಿಕೊಳ್ಳಿ.

ನಡಿಗೆಗೆ 5ರಿಂದ 7 ತಾಸು. ಮೊದಲ 3 ಕಿ.ಮೀ. ಕಡಿದಾದ ಇಳಿಜಾರು, ಮೊಣಕಾಲಿಗೆ ಅಲ್ಲೇ ಪೆಟ್ಟು. ಶೂ ಸಡಿಲವಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ, ಕಣಕಾಲಿನ ಬಳಿ ಲೇಸ್ ಬಿಗಿ ಮಾಡಿ. ಹೊಸ ಶೂ ಬೇಡವೇ ಬೇಡ. ದಾರಿಯಲ್ಲಿ ಊಟೆ ನೀರಿನ ಜಾಗಗಳಿವೆ, ಒಬ್ಬರಿಗೆ ಒಂದು ಲೀಟರ್ ಬಾಟಲಿ ಸಾಕು, ತುಂಬಿಸಿಕೊಳ್ಳುತ್ತಾ ಹೋಗಿ. ತಿಂಡಿ ಮಾತ್ರ ಹೊತ್ತೇ ಒಯ್ಯಬೇಕು. ಟಿಕೆಟ್ ಎಸೆಯಬೇಡಿ: ಯಾರೂ ಒಳಗೆ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಲು ಹೊರದಾರಿಯಲ್ಲಿ ಕೇಳುತ್ತಾರೆ.

ಉತ್ತರ – ಉಪ್ಪುಗಾಳಿ
ಬಾಲೋಸ್‌ಗೆ ಹನಿಯಾದಿಂದ ಬಸ್ಸಿನಲ್ಲಿ ಕಿಸ್ಸಾಮೋಸ್‌ಗೆ ಹೋಗಿ ದೋಣಿ ಹಿಡಿಯಿರಿ. ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ, ಆದ್ದರಿಂದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಮನಸ್ಸು ಬದಲಾಯಿಸಿ ಕಾರು ಹಿಡಿದರೂ ಬಾಲೋಸ್‌ನ ಮಣ್ಣು ರಸ್ತೆಗೆ ಇಳಿಸಬೇಡಿ. ಸಾಮಾನ್ಯವಾಗಿ ಬಾಡಿಗೆ ವಿಮೆ ಅಂಥ ರಸ್ತೆಯಲ್ಲಿ ಟೈರಿಗೂ ಗಾಡಿಯ ಅಡಿಭಾಗಕ್ಕೂ ಆದ ಹಾನಿಯನ್ನು ಕಟ್ಟಿಕೊಡುವುದಿಲ್ಲ. ಭಾರತದ ಲೈಸೆನ್ಸ್ ಆದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಅದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು.

ಇನ್ನೊಂದು ಸಣ್ಣ ವಿಷಯ: ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಿ. ಅಲ್ಲಿನ ಪೈಪುಗಳು ಸಣ್ಣವು, ಕಟ್ಟಿಕೊಳ್ಳುತ್ತವೆ.

ಮರುಪ್ರಶ್ನೆ – ನಕ್ಷೆಪ್ರಿಯ
ಹನಿಯಾದಲ್ಲಿ 5 ರಾತ್ರಿ ಅಂತ ಬದಲಿಸುತ್ತೇವೆ. ನಾವು ಹೋಗುವ ದಿನ ಸಮರಿಯಾ ಮುಚ್ಚಿದ್ದರೆ?

ಉತ್ತರ – ಕಮರಿಹಾದಿ
ಮೇಯಿಂದ ಅಕ್ಟೋಬರ್ ತನಕ ತೆರೆದಿರುತ್ತದೆ, ಆದರೆ ಮಳೆ ಅಥವಾ ವಿಪರೀತ ಬಿಸಿಲಿದ್ದರೆ ಆ ದಿನ ಮುಚ್ಚುತ್ತಾರೆ. ಮಳೆಗೆ ಮೇಲಿನಿಂದ ಕಲ್ಲು ಉರುಳುತ್ತದೆ. ಹನಿಯಾಕ್ಕೆ ಬಂದ ಮರುದಿನಕ್ಕೇ ಇಟ್ಟುಕೊಂಡರೆ ಮುಂದೂಡಲು ದಿನಗಳಿರುತ್ತವೆ. ಮೊಣಕಾಲು ಒಲ್ಲೆ ಎಂದರೆ ಇಂಬ್ರೋಸ್ ಕಮರಿ ಇದೆ, ಸುಮಾರು 8 ಕಿ.ಮೀ., ಹೋರಾ ಸ್ಫಾಕಿಯೋನ್ ಕಡೆಯ ಬಸ್ಸು ಅದರ ಮೇಲ್ತುದಿಯ ಬಳಿಯೇ ಹಾದುಹೋಗುತ್ತದೆ. ಅಲ್ಲಿ ದೋಣಿಯ ಗೊಡವೆ ಇಲ್ಲ. ಮಳೆ ಬಂದ ದಿನ ಮಾತ್ರ ಅಲ್ಲಿಗೂ ಇಳಿಯಬೇಡಿ.