ಅಪ್‌ಡೇಟ್: ವಾಚಿನ ಸಫೈರ್ ಗಾಜಿಗೆ ಆ್ಯಂಟಿ ರಿಫ್ಲೆಕ್ಟಿವ್ ಕೋಟಿಂಗ್

ಟ್ಯೂಬ್‌ಲೈಟಿನ ಕೆಳಗೆ ನನ್ನ ವಾಚಿನ ಕಪ್ಪು ಡಯಲೇ ಕಾಣುವುದಿಲ್ಲ, ಈಗಿರುವ ಚಪ್ಪಟೆ ಸಫೈರ್ (ಕೃತಕ ನೀಲಮಣಿ ಹರಳಿನ) ಗಾಜಿಗೆ ಪ್ರತಿಫಲನ ತಗ್ಗಿಸುವ ಕೋಟಿಂಗ್ ಹಾಕಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಸಫೈರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಸುಮಾರು 1.77 ಇರುವುದರಿಂದ ಅದರ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 7ರಿಂದ 8ರಷ್ಟನ್ನು ಪ್ರತಿಫಲಿಸುತ್ತದೆ. ಸಾಮಾನ್ಯ ಗಾಜಿನಲ್ಲಿ ಇದು ಶೇ 4ರ ಆಸುಪಾಸು. ಸುಮಾರು 100 ನ್ಯಾನೋಮೀಟರ್ ದಪ್ಪದ ಮೆಗ್ನೀಸಿಯಂ ಫ್ಲೋರೈಡ್ ಪದರ ಇದನ್ನು ಬಹುತೇಕ ಇಲ್ಲವಾಗಿಸಬಲ್ಲದು, ಆದರೆ ಅಷ್ಟು ತೆಳುವಾದ ಪದರವನ್ನು ನಿರ್ವಾತ ಕೋಣೆಯಲ್ಲಿ ಆವಿಯಾಗಿಸಿ ಸಮನಾಗಿ ಕೂರಿಸಬೇಕಾಗುತ್ತದೆಯೇ ಹೊರತು ಬಟ್ಟೆಯಲ್ಲಿ ದ್ರವ ಒರೆಸಿದರೆ ಆಗುವ ಕೆಲಸವಲ್ಲ. ಒಂದೇ ಗಾಜಿಗಾಗಿ ಅಂಥ ಯಂತ್ರ ನಡೆಸಲು ಯಾರೂ ಒಪ್ಪಲಿಲ್ಲ, ಅದು ಸಹಜವೇ.

ಆದ್ದರಿಂದ ಅದೇ ವ್ಯಾಸದ, ಅದೇ ದಪ್ಪದ, ಒಳಮೈಗೆ ಮಾತ್ರ ಕೋಟಿಂಗ್ ಇರುವ ಹೊಸ ಸಫೈರ್ ಗಾಜನ್ನೇ ತರಿಸಿದೆ. ಹೊರಮೈಗೂ ಇರಲಿ ಎಂದು ಕೆಲವರು ಹೇಳಿದ್ದರು. ಕೋಟಿಂಗು ಸಫೈರಿಗಿಂತ ಬಹಳ ಮೆದು, ಗೀರು ಬೀಳುವುದು ಅದರ ಮೇಲೆಯೇ ಎಂಬ ಕಾರಣಕ್ಕೆ ನಾನು ಬೇಡವೆಂದೆ. ರಿಪೇರಿ ಮಾಡುವವರು ಹೊಸ ಗ್ಯಾಸ್ಕೆಟ್ (ನೀರು ಒಳಹೋಗದಂತೆ ತಡೆಯುವ ಬಳೆ) ಹಾಕಿ ಒತ್ತುವ ಮೊದಲು ಗಾಜನ್ನು ದೀಪಕ್ಕೆ ವಾರೆಯಾಗಿ ಹಿಡಿದು ತೋರಿಸಿದರು: ಒಂದು ಮೈಯ ಪ್ರತಿಬಿಂಬ ಅಚ್ಚ ಬಿಳಿ, ಇನ್ನೊಂದರದು ಮಸುಕಾದ ನೇರಳೆ. ನೇರಳೆ ಕಂಡ, ಅಂದರೆ ಕೋಟಿಂಗ್ ಇರುವ ಮೈ ಡಯಲಿನ ಕಡೆಗೆ ಹೋಯಿತು.

ಹೊರಮೈಯ ಹೊಳಪು ಹಾಗೆಯೇ ಉಳಿದಿದೆ, ಒಟ್ಟು ಪ್ರತಿಫಲನ ಸುಮಾರು ಅರ್ಧಕ್ಕಿಳಿದಿದೆ. ಮುಳ್ಳುಗಳು ಈಗ ಒಂದೇ ನೋಟಕ್ಕೆ ಕಾಣುತ್ತವೆ. ನೀರಿನ ಒತ್ತಡದ ಪರೀಕ್ಷೆ ಇನ್ನೂ ಬಾಕಿಯಿದ್ದು, ಅದು ಮುಗಿಯುವವರೆಗೆ ವಾಚನ್ನು ನೀರಿಗೆ ಒಡ್ಡುವುದಿಲ್ಲ.