ಮ್ಯಾಗ್‌ಪೈ ಬಂದರೆ ಕೈ ಬೀಸಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಇದು ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಗುಂಪಿನಲ್ಲಿ ಇರುವ ಮಿಕ್ಕವರೂ ಕೇಳಿಸಿಕೊಳ್ಳಿ, ನಾಳೆ ನಿಮ್ಮ ಮಕ್ಕಳಿಗೂ ಬರುವಂಥದ್ದೇ.

ಶಾಲೆಗೆ ಹೋಗುವಾಗ ಕಪ್ಪು ಬಿಳಿ ಹಕ್ಕಿ ಹಿಂದಿನಿಂದ ಬಂದು ಮಗುವಿನ ಹೆಲ್ಮೆಟ್ಟಿಗೆ ಕುಟುಕಿತು, ಮಗು ಇನ್ನು ಶಾಲೆಗೇ ಹೋಗಲ್ಲ ಅಂತ ಅಳುತ್ತಿದೆ, ಮೈಸೂರಿನಿಂದ ನಿನ್ನ ಅತ್ತೆ ಫೋನ್ ಮಾಡಿ ಕಾಗೆ ತಲೆಗೆ ತಾಗಿದ ದೋಷ, ಶಾಂತಿ ಮಾಡಿಸಿ ಅನ್ನುತ್ತಿದ್ದಾರೆ, ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಮೊದಲು ಸಮಾಧಾನ ಮಾಡಿಕೋ. ಅದು ಕಾಗೆ ಅಲ್ಲ, ಕಾಗೆಯ ಜಾತಿಯೂ ಅಲ್ಲ. ಅದು ಮ್ಯಾಗ್‌ಪೈ. ನಿಮ್ಮ ಜೀಲಾಂಗಿನಲ್ಲೂ ನಮ್ಮ ಮೆಲ್ಬರ್ನಿನಲ್ಲೂ ಇರುವುದು ಬೆನ್ನು ಬೆಳ್ಳಗಿರುವ ಜಾತಿ. ಬೆಳಗಿನ ಜಾವ ಗಂಟಲಲ್ಲಿ ನೀರು ಉರುಳಿಸಿದ ಹಾಗೆ ಹಾಡುತ್ತದಲ್ಲ, ಅದೇ. ಈಗ ಸೆಪ್ಟೆಂಬರು. ಗೂಡಿನಲ್ಲಿ ಮರಿ ಇರುತ್ತದೆ. ಗಂಡು ಹಕ್ಕಿ ಕಾವಲು ನಿಂತಿರುತ್ತದೆ. ಅಷ್ಟೇ ವಿಷಯ.

ಆದರೆ ಒಂದು ಮಾತು. ಓಡಬೇಡಿ, ಕೈ ಬೀಸಬೇಡಿ, ಏನನ್ನೂ ಎಸೆಯಬೇಡಿ. ನಿನ್ನ ಗಂಡನಿಗೆ ಇದನ್ನು ಖಂಡಿತ ಹೇಳು. ಅವರ ಮನೆಯವರ ಕೋಪ ನನಗೆ ಗೊತ್ತು, ಅವನು ಕೋಲು ಹಿಡಿದುಕೊಂಡು ಹೊರಟರೂ ಹೊರಟನೇ. ಅದನ್ನು ಹೊಡೆಯುವುದು ಇಲ್ಲಿ ಕಾನೂನಿಗೂ ವಿರುದ್ಧ, ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ.

ನಿಮ್ಮ ದೊಡ್ಡಪ್ಪನಿಗೆ ಏನಾಯಿತು ಅಂತ ಹಳಬರಿಗೆಲ್ಲ ಗೊತ್ತು. ನೀನು ಆಗ ಹುಟ್ಟಿರಲಿಲ್ಲ, ಕೇಳು. ನಾವು ಆಗ ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಬಾಡಿಗೆ ಮನೆಯಲ್ಲಿ ಇದ್ದೆವು. ಎಂಬತ್ತರ ದಶಕ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಗಮ್ ಮರ, ನಮ್ಮ ನೀಲಗಿರಿ ಮರದ ಜಾತಿಯದು. ಇವರು ಕೋಟು ಹಾಕಿಕೊಂಡು, ಕರಿ ಛತ್ರಿ ಹಿಡಿದುಕೊಂಡು ಬೆಳಗಿನ ಟ್ರೈನಿಗೆ ಹೊರಟಿದ್ದರು. ಹಿಂದಿನಿಂದ ಸುಂಯ್ ಅಂತ ಬಂತಂತೆ. ಕಿವಿಯ ಪಕ್ಕ ಕೊಕ್ಕು ಟಕ್ ಅಂತ ಬಡಿದ ಸದ್ದು. ಇವರಿಗೂ ಅದೇ ತಲೆಗೆ ಬಂತು, ಕಾಗೆ, ಶನಿ, ಅಪಶಕುನ. ಊರಲ್ಲಿ ಇವರ ಸೋದರಮಾವನಿಗೆ ಕಾಗೆ ತಾಗಿದಾಗ, ಸತ್ತುಹೋದ ಅಂತ ನೆಂಟರಿಗೆಲ್ಲ ಸುಳ್ಳು ಸುದ್ದಿ ಕಳಿಸಿ ಅಳಿಸಿದ್ದರಲ್ಲ, ಅದನ್ನು ಕಣ್ಣಾರೆ ಕಂಡವರು. ಹೆದರಿ, ಸಿಟ್ಟು ಬಂದು, ಛತ್ರಿ ಮಡಚಿದ್ದನ್ನು ಹಾಗೇ ಬೀಸಿದರು. ಹಕ್ಕಿಗೆ ತಾಗಲಿಲ್ಲ. ಮತ್ತೆ ಬಂತು. ಕೆಳಗೆ ಬಿದ್ದಿದ್ದ ಒಂದು ಕಡ್ಡಿ ತೆಗೆದು ಎಸೆದರು.

ಅಲ್ಲಿಗೆ ಮುಗಿಯಿತು. ಅದು ಇವರ ಮುಖ ಇಟ್ಟುಕೊಂಡಿತು.

ಮಾರನೆಯ ದಿನ ಕಾದು ಕೂತಿತ್ತು. ಅದೇ ದಾರಿಯಲ್ಲಿ ಪಕ್ಕದ ಮನೆಯ ಗ್ರೀಕ್ ಅಜ್ಜಿ ತರಕಾರಿ ಗಾಡಿ ಎಳೆದುಕೊಂಡು ಹೋಗುತ್ತಿದ್ದರು, ಅವರನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಶಾಲೆಯ ಮಕ್ಕಳು ಕಿರುಚಾಡಿಕೊಂಡು ಹೋಗುತ್ತಿದ್ದರು, ಅವರನ್ನೂ ಬಿಡುತ್ತಿತ್ತು. ಇವರು ಕಂಡರೆ ಮಾತ್ರ ಇಳಿಯುತ್ತಿತ್ತು. ಕೋಟು ಬದಲಾಯಿಸಿದರು. ಟೋಪಿ ಹಾಕಿದರು. ಮುಂದಿನ ವರ್ಷ ಆ ಹೊತ್ತಿಗೆ ಮೀಸೆ ತೆಗೆಸಿದ್ದರು, ನಮ್ಮ ಮದುವೆ ಫೋಟೋದಲ್ಲಿ ಇರುವ ಆ ದಪ್ಪ ಮೀಸೆ. ಆಗಲೂ ಗುರುತು ಹಿಡಿಯಿತು. ಒಂದು ಸಂಜೆ ಕಿವಿಯ ತುದಿ ಹರಿದು, ಕಾಲರ್ ಪೂರಾ ರಕ್ತ ಮಾಡಿಕೊಂಡು ಮನೆಗೆ ಬಂದರು. ಕಣ್ಣಿಗೆ ಆಗಿದ್ದರೆ ಏನು ಗತಿ? ಆಮೇಲೆ ಆ ಮನೆ ಬಿಡುವ ತನಕ, ಪ್ರತಿ ವಸಂತದಲ್ಲೂ ಸುತ್ತಿ ಬಳಸಿ ಹಿಂದಿನ ಬೀದಿಯಿಂದಲೇ ಓಡಾಡಿದರು. ಹಕ್ಕಿ ಮುಖ ನೆನಪಿಡುತ್ತದೆ ಅಂತ ಆಮೇಲೆ ಇಲ್ಲಿನ ವಿಜ್ಞಾನಿಗಳೂ ಬರೆದರು. ಗಂಡು ಹಕ್ಕಿಗಳಲ್ಲಿ ಹತ್ತರಲ್ಲಿ ಒಂದೂ ಹೀಗೆ ಮೇಲೆ ಬೀಳುವುದಿಲ್ಲವಂತೆ. ಬೀಳುವಂಥದ್ದಕ್ಕೆ ಮಾತ್ರ ಒಮ್ಮೆ ನೀನು ಶತ್ರು ಅಂತ ಅನ್ನಿಸಿತೋ, ಮರೆಯುವುದಿಲ್ಲ.

ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ ಪುಟ್ಟಿ. ಓಡಬೇಡಿ, ಕೈ ಬೀಸಬೇಡಿ, ಏನನ್ನೂ ಎಸೆಯಬೇಡಿ. ಮಗುವಿಗೂ ಕಲಿಸು. ಇವತ್ತು ನೀವು ಮಾಡಿದ್ದನ್ನು ಆ ಹಕ್ಕಿ ಬರುವ ವರ್ಷಕ್ಕೂ ಇಟ್ಟುಕೊಳ್ಳುತ್ತದೆ.

ಆ ಕಾಲದಲ್ಲಿ ನಮ್ಮ ಮಕ್ಕಳು ಐಸ್‌ಕ್ರೀಮ್ ಡಬ್ಬಿ ತಲೆಗೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಖಾಲಿಯಾದ ಪ್ಲಾಸ್ಟಿಕ್ ಡಬ್ಬಿ, ಹಿಂದುಗಡೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಎರಡು ಕಣ್ಣು, ಎರಡು ತೂತು ಮಾಡಿ ಗದ್ದಕ್ಕೆ ಎಲಾಸ್ಟಿಕ್. ಇಡೀ ಬೀದಿಯ ಮಕ್ಕಳು ಹಾಗೆ ಸಾಲಾಗಿ ಹೋಗುತ್ತಿದ್ದರು, ಗ್ರೀಕರು, ವಿಯೆಟ್ನಾಮಿನವರು, ನಮ್ಮವು. ನಮ್ಮ ದೊಡ್ಡವನ ಡಬ್ಬಿಗೆ ಹುಬ್ಬು ಕೂಡ ಬರೆದುಕೊಟ್ಟಿದ್ದೆ. ಯಾರಿಗೂ ನಾಚಿಕೆ ಇರಲಿಲ್ಲ. ಈ ದೇಶದ ಆ ಗುಣ ನನಗೆ ಬಹಳ ಇಷ್ಟವಾಗಿತ್ತು. ಕೈಗೆ ಸಿಕ್ಕಿದ್ದರಲ್ಲಿ ಒಂದು ಉಪಾಯ ಮಾಡಿಕೊಂಡು ಬದುಕುವುದು. ಈಗ ಸೈಕಲ್ಲಿನವರು ಹೆಲ್ಮೆಟ್ಟಿಗೆ ಕೇಬಲ್ ಟೈ ಸಿಕ್ಕಿಸಿಕೊಂಡು ಮುಳ್ಳುಹಂದಿ ಆಗಿ ಹೋಗುತ್ತಾರೆ. ಹಕ್ಕಿಯೇನೂ ಅದಕ್ಕೆ ಹೆದರಿ ನಿಲ್ಲುವುದಿಲ್ಲ.

ನಿಮ್ಮ ದೊಡ್ಡಪ್ಪ ಆ ಸ್ಟೇಷನ್ನಿನ ಫೋನ್ ಬೂತಿನಿಂದ ಮನೆಗೆ ಫೋನ್ ಮಾಡುತ್ತಿದ್ದರು, ಹಕ್ಕಿ ಮರದಲ್ಲೇ ಇದೆ, ನಾನು ಆ ಕಡೆಯಿಂದ ಬರುತ್ತೇನೆ, ಲೇಟಾಗುತ್ತದೆ ಅಂತ. ಬೂತಿಗೆ ಇಪ್ಪತ್ತು ಸೆಂಟಿನ ನಾಣ್ಯ ಹಾಕಬೇಕಿತ್ತು. ಅದರ ಮೇಲೆ ಬಾತುಕೋಳಿ ಕೊಕ್ಕಿನ ಪ್ರಾಣಿ, ಪ್ಲಾಟಿಪಸ್. ನೋಡಿದ್ದೀಯಾ ಸರಿಯಾಗಿ? ನೀರಿನಲ್ಲಿ ಈಜುತ್ತಿರುತ್ತದೆ, ಸುತ್ತ ಅಲೆಯ ಗೆರೆಗಳು. ಬೆರಳಿನಿಂದ ಸವರಿದರೆ ಅಲೆ ಗೊತ್ತಾಗುತ್ತದೆ. ನಾವು ಈ ದೇಶದ ಪ್ರಾಣಿಗಳನ್ನು ಮೊದಲು ಕಂಡಿದ್ದು ಕಾಡಿನಲ್ಲಿ ಅಲ್ಲ, ಪರ್ಸಿನಲ್ಲಿ. ಒಂದು ಸೆಂಟಿಗೆ ಗರಿ ಬಾಲದ ಹಾರುವ ಗ್ಲೈಡರ್. ಎರಡು ಸೆಂಟಿಗೆ ಕುತ್ತಿಗೆಯ ಸುತ್ತ ಕೊಡೆ ಬಿಚ್ಚುವ ಹಲ್ಲಿ. ಐದಕ್ಕೆ ಮುಳ್ಳಿನ ಎಕಿಡ್ನಾ. ಹತ್ತಕ್ಕೆ ಲೈರ್‌ಬರ್ಡ್, ಬಾಲ ಎತ್ತಿ ಇಡೀ ನಾಣ್ಯ ತುಂಬಿರುತ್ತದೆ. ಐವತ್ತಕ್ಕೆ ಮಾತ್ರ ದೇಶದ ಲಾಂಛನ, ಆದರೆ ಅದರಲ್ಲೂ ಕಾಂಗರೂ, ಎಮು. ನಮ್ಮ ಮಕ್ಕಳು ಲೆಕ್ಕ ಕಲಿತದ್ದೇ ಇವುಗಳಿಂದ. ಎರಡು ಎಕಿಡ್ನಾ ಕೊಟ್ಟರೆ ಒಂದು ಲೈರ್‌ಬರ್ಡ್, ಎರಡು ಲೈರ್‌ಬರ್ಡಿಗೆ ಒಂದು ಪ್ಲಾಟಿಪಸ್. ಆಮೇಲೆ ಹೀಲ್ಸ್‌ವಿಲ್‌ನ ಪ್ರಾಣಿಧಾಮಕ್ಕೆ ಕರೆದುಕೊಂಡು ಹೋದಾಗ, ಗಾಜಿನ ತೊಟ್ಟಿಯಲ್ಲಿ ನಿಜವಾದ ಪ್ಲಾಟಿಪಸ್ ನೋಡಿ ಚಿಕ್ಕವಳು ಇಪ್ಪತ್ತು ಸೆಂಟ್ ಅಂತ ಕೂಗಿದಳು. ಸುತ್ತ ಇದ್ದವರೆಲ್ಲ ತಿರುಗಿ ನೋಡಿ ನಕ್ಕರು. ಜಗತ್ತಿನಲ್ಲಿ ಮೊದಲ ಸಲ ಮನುಷ್ಯರ ಆರೈಕೆಯಲ್ಲಿ ಪ್ಲಾಟಿಪಸ್ ಮರಿ ಮಾಡಿದ್ದು ಅಲ್ಲೇ, 1943ರಲ್ಲಿ.

ಆ ನಾಣ್ಯಗಳ ಚಿತ್ರ ಬರೆದವರು ಸ್ಟುವರ್ಟ್ ಡೆವ್ಲಿನ್. ನಿಮ್ಮ ಜೀಲಾಂಗಿನಲ್ಲೇ ಹುಟ್ಟಿದವರು, ಅಕ್ಕಸಾಲಿ ಕೆಲಸದಲ್ಲಿ ದೊಡ್ಡ ಹೆಸರು ಮಾಡಿದವರು. ಪೌಂಡ್ ಹೋಗಿ ಡಾಲರ್ ಬಂತಲ್ಲ, 1966ರ ಫೆಬ್ರವರಿ 14, ಅವತ್ತು ಇವು ಜನರ ಕೈಗೆ ಬಂದವು. 1984ರಲ್ಲಿ ಒಂದು ಡಾಲರಿನ ನಾಣ್ಯಕ್ಕೆ ಐದು ಕಾಂಗರೂ ಬರೆದವರೂ ಅವರೇ. ಒಂದು, ಎರಡು ಸೆಂಟನ್ನು 1992ರಲ್ಲಿ ವಾಪಸ್ ತೆಗೆದುಕೊಂಡರು. ಅವನ್ನು ಕರಗಿಸಿ ಸಿಡ್ನಿ ಒಲಿಂಪಿಕ್ಸಿನ ಕಂಚಿನ ಪದಕ ಮಾಡಿದರು. 2000ದಲ್ಲಿ ನಮ್ಮ ಕರ್ಣಂ ಮಲ್ಲೇಶ್ವರಿ ಭಾರ ಎತ್ತಿ ಗೆದ್ದದ್ದು ಅಂಥದ್ದೇ ಒಂದು ಕಂಚು. ಆ ಸಲ ಇಡೀ ಭಾರತಕ್ಕೆ ಬಂದದ್ದು ಆ ಒಂದೇ ಪದಕ. ನಾವು ಹಾಲು ತರಲು ಕೊಟ್ಟ ಚಿಲ್ಲರೆ ಅದರಲ್ಲಿ ಇದ್ದರೂ ಇರಬಹುದು ಅಂತ ನಿಮ್ಮ ದೊಡ್ಡಪ್ಪ ಟಿವಿ ಮುಂದೆ ಕೂತು ಕಣ್ಣೀರು ಹಾಕಿದ್ದರು. ಆ ಒಲಿಂಪಿಕ್ಸಿನ ಗೊಂಬೆಗಳೂ ಇಲ್ಲಿನವೇ, ಪ್ಲಾಟಿಪಸ್, ಕೂಕಬರಾ ಹಕ್ಕಿ, ಎಕಿಡ್ನಾ. ಮೂರೂ ನನ್ನ ಶೋಕೇಸಿನಲ್ಲಿ ಇನ್ನೂ ಇವೆ.

ಈಗ ನನ್ನ ಮೊಮ್ಮಗನಿಗೆ ಹತ್ತು ಸೆಂಟ್ ತೋರಿಸಿ ಇದು ಯಾವ ಹಕ್ಕಿ ಅಂದರೆ ನವಿಲು ಅನ್ನುತ್ತಾನೆ. ಅವನ ತಪ್ಪಲ್ಲ. ಅವರಪ್ಪನ ಹತ್ತಿರ ನಾಣ್ಯವೇ ಇರುವುದಿಲ್ಲ, ಎಲ್ಲ ಕಡೆ ಫೋನ್ ತಾಗಿಸುವುದು. ಶೆರ್‌ಬ್ರೂಕ್ ಕಾಡು ಇಲ್ಲೇ ಕೂಗಳತೆಯಲ್ಲಿದೆ, ಅಲ್ಲಿ ನಿಜವಾದ ಲೈರ್‌ಬರ್ಡ್ ಕುಣಿಯುತ್ತದೆ, ಒಂದು ಭಾನುವಾರ ಕರೆದುಕೊಂಡು ಹೋಗಲು ಆಗುವುದಿಲ್ಲ. ಕೇಳಿದರೆ ಸ್ವಿಮ್ಮಿಂಗ್, ಕೋಚಿಂಗ್ ಅನ್ನುತ್ತಾರೆ.

ಮಗ ಈ ಗುಂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ನಾನು ಹಿಂದಿನಿಂದ ಆಡುವವಳಲ್ಲ. ಡೆಕ್ ಮಾಡಿಸಬೇಕು ಅಂತ ಹಿತ್ತಲಿನಲ್ಲಿದ್ದ ಬಟ್ಟೆ ಒಣಗಿಸುವ ಕಂಬ, ಹಿಲ್ಸ್ ಹಾಯ್ಸ್ಟನ್ನು ಕೀಳಿಸಿಬಿಟ್ಟ. ಗೊತ್ತಲ್ಲ, ನಡುವೆ ಒಂದು ಕಂಬ, ನಾಲ್ಕು ತೋಳು, ಸುತ್ತ ತಂತಿ, ಹಿಡಿ ತಿರುಗಿಸಿದರೆ ಬಟ್ಟೆ ಸಮೇತ ಮೇಲಕ್ಕೆ ಏರುತ್ತದೆ. ಇಲ್ಲಿ ಪ್ರತಿ ಹಿತ್ತಲಿನಲ್ಲೂ ಒಂದು ಇತ್ತು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಅಡಿಲೇಡಿನ ಲ್ಯಾನ್ಸ್ ಹಿಲ್ ಹೆಂಡತಿಗೆ ಬಟ್ಟೆ ಒಣಗಿಸಲು ಜಾಗ ಸಾಲದು ಅಂತ ಮಾಡಿಕೊಟ್ಟದ್ದು ಅದು. ಅದಕ್ಕೂ ಮುಂಚೆಯೇ ನಿಮ್ಮ ಜೀಲಾಂಗಿನಲ್ಲಿ ಗಿಲ್ಬರ್ಟ್ ಟೋಯ್ನ್ ಅನ್ನುವವರು ತಿರುಗುವ ಬಟ್ಟೆ ಕಂಬ ಮಾಡಿ ಮಾರುತ್ತಿದ್ದರು. ನೀನು ಒಳ್ಳೆಯ ಊರಿನಲ್ಲೇ ಮನೆ ಮಾಡಿದ್ದೀಯ.

ನಮ್ಮ ಕಂಬದ ಒಂದು ತೋಳು ಸ್ವಲ್ಪ ಬಾಗಿತ್ತು, ಮಕ್ಕಳು ಜೋತು ಬಿದ್ದು ಗಿರಗಿರ ತಿರುಗಿ ಬಾಗಿಸಿದ್ದು. ಆರು ಗಜದ ಸೀರೆಯನ್ನು ಹೊರಗಿನ ತಂತಿಗೆ ಸುತ್ತ ಹಾಕಿದರೆ ಎಲ್ಲೂ ಮಡಿಕೆ ಬೀಳದೆ, ನೆಲಕ್ಕೆ ತಾಗದೆ ಒಣಗುತ್ತಿತ್ತು. ಮೆಲ್ಬರ್ನಿನ ಗಾಳಿಗೆ ಇಡೀ ಕಂಬ ತಿರುಗುತ್ತಿತ್ತು. ಊರಿಂದ ನಮ್ಮ ಅತ್ತೆ ಬಂದಾಗ ಮಡಿ ಬಟ್ಟೆಗೆ ಒಂದು ತೋಳು ಬೇರೆಯೇ ಬಿಟ್ಟಿದ್ದೆ. ಮ್ಯಾಗ್‌ಪೈ ಆ ಕಂಬದ ತುದಿಯಲ್ಲಿ ಕೂತು ಹಾಡುತ್ತಿತ್ತು, ನಾನು ಕೆಳಗೆ ಬಟ್ಟೆ ಹಿಂಡುತ್ತಿದ್ದೆ, ಒಂದು ದಿನವೂ ನನ್ನ ಮೇಲೆ ಬರಲಿಲ್ಲ. ಈಗ ಗೋಡೆಗೆ ಮಡಚುವ ಒಂದು ಚೌಕಟ್ಟು ಹೊಡೆಸಿದ್ದಾನೆ. ಒಂದು ಪಂಚೆ ಹಾಕಿದರೆ ಭರ್ತಿ. ಡ್ರೈಯರ್ ಇದೆಯಲ್ಲ ಅಮ್ಮ ಅಂತಾನೆ. ರೇಷ್ಮೆ ಅಂಚಿನ ಸೀರೆಯನ್ನು ಡ್ರೈಯರಿಗೆ ಹಾಕುತ್ತಾರಾ? ಕೀಳಿಸುವ ಮುಂಚೆ ಒಂದು ಮಾತು ಕೇಳಬಹುದಿತ್ತು. ನಾನು ಊರಿಂದ ವಾಪಸ್ ಬರುವಷ್ಟರಲ್ಲಿ ಕಂಬ ಇದ್ದ ಕಡೆ ಸಿಮೆಂಟ್ ಹಾಕಿ ಮುಚ್ಚಿ ಆಗಿತ್ತು. ನನಗೆ ಅದು ಇನ್ನೂ ನೋವು.

ಅಯ್ಯೋ, ನಿನಗೆ ಹೇಳಬೇಕಾದ್ದೇ ಬಿಟ್ಟೆ. ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ಕೇಳಿದ್ದೆ ಅಲ್ವಾ.

ನಾಳೆ ಆ ದಾರಿ ಬೇಡ. ಸಾಮಾನ್ಯವಾಗಿ ಗೂಡಿನಿಂದ 100 ಮೀಟರ್ ಒಳಗೇ ಅದರ ಕಾವಲು, ಪಕ್ಕದ ಬೀದಿಯಿಂದ ಹೋದರೆ ಸಾಕು. ಆ ದಾರಿಯೇ ಗತಿ ಅಂದರೆ ಸೈಕಲ್ ಇಳಿದು ತಳ್ಳಿಕೊಂಡು ನಡೆಯಿರಿ, ಸೈಕಲ್ ಮೇಲಿದ್ದವರ ಮೇಲೆ ಅದಕ್ಕೆ ಸಿಟ್ಟು ಜಾಸ್ತಿ. ಹೆಲ್ಮೆಟ್ ತೆಗೆಯಬೇಡಿ. ಮಗುವಿಗೆ ಕೂಲಿಂಗ್ ಗ್ಲಾಸ್ ಹಾಕು, ಕಣ್ಣು ಮುಖ್ಯ. ಛತ್ರಿ ಬಿಚ್ಚಿ ತಲೆಯ ಮೇಲೆ ಹಿಡಿ, ಬೀಸಲಿಕ್ಕಲ್ಲ. ಹಕ್ಕಿಯ ಕಡೆ ನೋಡುತ್ತಾ ಬೇಗ ಬೇಗ ನಡೆಯಿರಿ, ನೋಡುತ್ತಿದ್ದರೆ ಅದು ಬರುವುದು ಕಡಿಮೆ. ಬ್ರೆಡ್ಡು ಗಿಡ್ಡು ಹಾಕಿ ಸ್ನೇಹ ಮಾಡಿಕೊಳ್ಳುವುದೂ ಬೇಡ. ಕೌನ್ಸಿಲಿಗೆ ಫೋನ್ ಮಾಡಿ ಶಾಲೆ ದಾರಿ ಅಂತ ಹೇಳು, ಎಚ್ಚರಿಕೆ ಬೋರ್ಡ್ ಹಾಕಲು ಕೇಳು. ಹಕ್ಕಿ ಮೇಲೆ ಬೀಳುವ ಜಾಗಗಳನ್ನು ತೋರಿಸುವ ವಿಕ್ಟೋರಿಯಾ ಸರ್ಕಾರದ ಸ್ವೂಪ್ ಮ್ಯಾಪಿನಲ್ಲಿ ಆ ಜಾಗ ಗುರುತು ಮಾಡು, ಬೇರೆ ತಾಯಂದಿರಿಗೂ ಗೊತ್ತಾಗಲಿ. ಸಾಮಾನ್ಯವಾಗಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ಮರಿ ಹಾರಿರುತ್ತದೆ, ಆಮೇಲೆ ಭಯ ಕಡಿಮೆ. ದೇವರು ದೊಡ್ಡವನು, ಹಾಗಾಗದಿರಲಿ, ಕಣ್ಣಿಗೇನಾದರೂ ತಾಗಿದರೆ ಮನೆಮದ್ದು ಅಂತ ಕೂರಬೇಡ, ನೇರ ಆಸ್ಪತ್ರೆಗೆ.

ನಿನ್ನ ಅತ್ತೆಗೆ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತೇವೆ ಅಂತ ಹೇಳು, ಹಚ್ಚು ಕೂಡ. ಅವರಿಗೆ ಅಷ್ಟು ದೂರದಲ್ಲಿ ಕೂತು ಮೊಮ್ಮಗುವಿನ ಚಿಂತೆ. ಖಾಲಿ ಐಸ್‌ಕ್ರೀಮ್ ಡಬ್ಬಿ ಇದ್ದರೆ ಎಸೆಯಬೇಡ, ಭಾನುವಾರ ನಾನೇ ಬಂದು ಮಗುವಿನ ಜೊತೆ ಕೂತು ಕಣ್ಣು ಬರೆದುಕೊಡುತ್ತೇನೆ. ದೊಡ್ಡ ಛತ್ರಿ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಈಗಲೇ ಹೇಳು, ಮಗ ನಾಳೆ ಆ ಕಡೆ ಕೆಲಸಕ್ಕೆ ಬರುತ್ತಾನೆ, ಅವನ ಕೈಲಿ ಕೊಟ್ಟು ಕಳಿಸುತ್ತೇನೆ.