ಎರಡು ವರ್ಷ ಹತ್ತು ತಿಂಗಳ ಮಗ, ಜೂನ್‌ನಿಂದ ವಿಶೇಷ ಶಾಲೆ: ತಯಾರಿ ಹೇಗೆ?

ವಿರಾಜಪೇಟೆ_ಅವ್ವ:
ಮಗ 16 ತಿಂಗಳಿಗೆ ನಡೆದ. ಮಾತು ಮಾತ್ರ ನಾಲ್ಕೈದು ಪದ, ಎರಡು ಪದ ಜೋಡಿಸಲ್ಲ. ಕರೆದರೆ ಒಮ್ಮೊಮ್ಮೆ ತಿರುಗ್ತಾನೆ. ಬೇಕಾದ್ದಕ್ಕೆ ನಮ್ಮ ಕೈ ಹಿಡಿದು ಎಳೀತಾನೆ, ಬೆರಳು ತೋರಿಸಲ್ಲ. ಜೂನ್‌ನಿಂದ ವಿಶೇಷ ಮಕ್ಕಳ ಶಾಲೆ. ಅಲ್ಲಿ ಕನ್ನಡ, ಮನೇಲಿ ಕೊಡವ ತಕ್ಕ್. ಮನೆಮಾತು ನಿಲ್ಲಿಸಬೇಕಾ? ನನ್ನ ಬಿಟ್ಟು ಒಂದು ಗಳಿಗೆ ಇರಲ್ಲ, ಹೇಗೆ ಒಗ್ಗಿಸೋದು?

ಮಾತು_ಕಿವಿ:
ಮನೆಮಾತು ಖಂಡಿತ ನಿಲ್ಲಿಸಬೇಡಿ. ಎರಡು ಭಾಷೆಯಿಂದ ಮಾತು ತಡವಾಗಲ್ಲ. ಅನ್ನಕ್ಕೆ ‘ಕೂಳ್’ ಅಂತಾನಾದ್ರೆ ಅದನ್ನ ಟೀಚರ್‌ಗೆ ಬರೆದು ಕೊಡಿ. ಕೈ ಎಳೆದರೆ ಏನರ್ಥ, ಕಿವಿ ಮುಚ್ಚಿದರೆ ಏನರ್ಥ, ಅದೂ ಇರಲಿ.

2 ವರ್ಷಕ್ಕೆ ಎರಡು ಪದ ಜೋಡಿಸಬೇಕಿತ್ತು, ಬೆರಳು ತೋರಿಸೋದು ಅದಕ್ಕೂ ಮೊದಲೇ. ಶಾಲೆಗೆ ಹಾಕ್ತಿರೋದು ಸರಿ. ಆದ್ರೆ ಕಿವಿ ಪರೀಕ್ಷೆ ಆಗಿದೆಯಾ? ಬಾಗಿಲು ಬಡಿದ ಸದ್ದಿಗೆ ತಿರುಗುವ ಮಗುವಿಗೂ ಮಾತಿನ ಸಣ್ಣ ಧ್ವನಿಗಳು ಕೇಳದೇ ಇರಬಹುದು. ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಬೆರಾ (ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತಾ ಅಂತ ನೋಡುವ ಪರೀಕ್ಷೆ) ಮಾಡ್ತಾರೆ. ಅದಕ್ಕೆ ಮಗು ನಿದ್ದೆ ಮಾಡಬೇಕು. ಎಡವಟ್ಟಾಗೋದು ದಾರಿಯಲ್ಲೇ: ಗೋಣಿಕೊಪ್ಪ ದಾಟಿ ಹುಣಸೂರು ಬರುವಷ್ಟರಲ್ಲಿ ಕಾರಲ್ಲಿ ಮಲಗಿಬಿಟ್ಟರೆ ಅಲ್ಲಿ ಕಣ್ಣು ಮುಚ್ಚಲ್ಲ, ಪರೀಕ್ಷೆ ಮುಂದಕ್ಕೆ ಹೋಗುತ್ತೆ. ಪಕ್ಕದಲ್ಲಿ ಒಬ್ಬರು ಕೂತು ಎಚ್ಚರವಾಗಿ ಇಟ್ಟುಕೊಳ್ಳಿ.

ಬಂದಿದ್ದ ಪದ ಹೋಗಿಬಿಟ್ಟರೆ ಜೂನ್‌ವರೆಗೆ ಕಾಯಬೇಡಿ, ಕೂಡಲೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಪುಟ್ಟ_ಹೆಜ್ಜೆ:
ಒಗ್ಗಿಸೋದಕ್ಕೆ: ಮೊದಲ ಕೆಲವು ದಿನ 45 ನಿಮಿಷ, ನೀವು ಕೋಣೆಯೊಳಗೇ. ಆಮೇಲೆ ಜಗಲಿಯಲ್ಲಿ. ಆಮೇಲೆ ಅರ್ಧ ಗಂಟೆ ಗೇಟಿನಾಚೆ. ಅಳು ಹತ್ತು ನಿಮಿಷದೊಳಗೆ ತಣಿಯೋದು ಮೂರು ದಿನ ಸತತವಾಗಿ ಆದ್ರೆ ಮಾತ್ರ ಮುಂದಿನ ಹಂತ.

ಅವನು ಆಟದಲ್ಲಿ ಮೈಮರೆತಾಗ ಕದ್ದು ಹೋಗಬೇಡಿ. ಒಂದು ಸಲ ಹಾಗೆ ಮಾಡಿದ್ರೆ ಮಾರನೇ ದಿನದಿಂದ ಸೆರಗು ಬಿಡಲ್ಲ, ಆಟದ ಮೇಲೂ ಕಣ್ಣಿಡಲ್ಲ. ‘11 ಗಂಟೆಗೆ ಬರ್ತೀನಿ’ ಅಂದ್ರೂ ಅವನಿಗೆ ಅರ್ಥವಾಗಲ್ಲ. ‘ತಿಂಡಿ ಆದ್ಮೇಲೆ ಅವ್ವ’ ಅನ್ನಿ, ಡಬ್ಬಿ ಮುಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತಿರಿ. ವ್ಯಾನು, ಚಪ್ಪಲಿ ಬಿಡುವ ಜಾಗ, ತಿಂಡಿ ಡಬ್ಬಿ, ನಿಮ್ಮ ಮುಖ: ಈ ನಾಲ್ಕರ ಫೋಟೋ ಲ್ಯಾಮಿನೇಟ್ ಮಾಡಿ ಸಾಲಾಗಿ ಅಂಟಿಸಿ. ಒಂದೊಂದು ಮುಗಿದಂತೆ ಅವನ ಕೈಯಲ್ಲೇ ಕೀಳಿಸಿ.

ಕಕ್ಕಡ_ಮಳೆ:
ನಮ್ಮಲ್ಲಿ ಶಾಲೆ ಶುರುವಾಗೋದೂ ಮಳೆ ಹಿಡಿಯೋದೂ ಒಟ್ಟಿಗೆ. ಶೀಟ್ ಮಾಡಿನ ಮೇಲೆ ಮಳೆ ಬಿದ್ದರೆ ಸದ್ದು ತಡೆಯದ ಮಕ್ಕಳು ಕಿವಿ ಮುಚ್ಚಿ ಮೂಲೆ ಸೇರ್ತಾರೆ. ಅದು ಶಾಲೆ ಬೇಡ ಅನ್ನೋದಲ್ಲ. ತಾರಸಿ ಇರುವ ಕೋಣೆ ಕೇಳಿ. ರೇನ್‌ಕೋಟ್ ಮೇ ತಿಂಗಳಲ್ಲೇ ಮನೆಯಲ್ಲಿ ದಿನಾ ಎರಡು ನಿಮಿಷ ಹಾಕಿಸಿ, ಟೋಪಿ ಕೊನೆಗೆ. ಸಾಕ್ಸ್ ಎರಡು ಜೊತೆ ಹೆಚ್ಚಿಗೆ ಇರಲಿ, ಒದ್ದೆ ಸಾಕ್ಸ್ ಒಂದೇ ಸಾಕು ಇಡೀ ಬೆಳಗ್ಗೆ ಕೆಡೋಕೆ.

ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನ ಮನೆಯಲ್ಲೂ ಅದೇ ಹೊತ್ತಿಗೆ ಬ್ಯಾಗ್ ಹಾಕಿಸಿ, ಅದೇ ಡಬ್ಬಿಯಲ್ಲಿ ತಿಂಡಿ ಕೊಡಿ. ರಜೆ ಮೂರ್ನಾಲ್ಕು ದಿನ ದಾಟಿದ್ರೆ ಒಂದು ಹಂತ ಹಿಂದಕ್ಕೆ, ಜಗಲಿಯಿಂದಲೇ ಮತ್ತೆ ಶುರು ಮಾಡಿ.